ಎಂಟನೇ ನಂಬರಿನ ಬಲಗೆನ್ನೆ

ಎಂಟನೇ ನಂಬರ್ ಬಸ್ಸಿನ ಡ್ರೈವರಿಗೆ ಎರಡು ವಯಸ್ಸು. ಎಡಗೆನ್ನೆಗೆ ನಲವತ್ತು, ಬಲಗೆನ್ನೆಗೆ ಅರವತ್ತೈದು. ಮೂಗು ಯಾವ ಪಕ್ಷಕ್ಕೂ ಸೇರದೆ ನಡುವೆ ಗಡಿಕಲ್ಲಿನ ಹಾಗೆ ನಿಂತಿತ್ತು.

ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ತಪ್ಪು ರಸ್ತೆಯದು. ಬೆಳಿಗ್ಗೆ ಬಸ್ಸು ಉತ್ತರಕ್ಕೆ ಹೊರಡುತ್ತಿತ್ತು. ಸೂರ್ಯ ಡ್ರೈವರನ ಕಿಟಕಿಗೆ ಬಂದು ಕೂರುತ್ತಿದ್ದ. ಸಂಜೆ ಬಸ್ಸು ದಕ್ಷಿಣಕ್ಕೆ ವಾಪಸಾಗುತ್ತಿತ್ತು; ಅಷ್ಟರಲ್ಲಿ ಸೂರ್ಯ ಆಕಾಶವನ್ನೆಲ್ಲ ಸುತ್ತಿಕೊಂಡು ಬಂದು ಮತ್ತೆ ಅದೇ ಕಿಟಕಿಯಲ್ಲಿ ಕಾದಿರುತ್ತಿದ್ದ. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪಿಸದೆ ಆ ಬಸ್ಸಿಗೆ ಡ್ಯೂಟಿ ಮಾಡಿದವರು ಇಬ್ಬರೇ: ಇವನು ಮತ್ತು ಸೂರ್ಯ. ಆ ಸ್ನೇಹದ ಫಲವಾಗಿ ಬಲಗೆನ್ನೆ ಸುಟ್ಟು, ಸುಕ್ಕುಗಟ್ಟಿ, ಅಲ್ಲಲ್ಲಿ ಕಪ್ಪು ಕಲೆ ಎದ್ದು, ಹಳೆಯ ಚಪ್ಪಲಿಯ ಬಣ್ಣಕ್ಕೆ ತಿರುಗಿತ್ತು. ನೆರಳಿನಲ್ಲಿದ್ದ ಎಡಗೆನ್ನೆ ಮಾತ್ರ ಮದುವೆಯ ಫೋಟೋದಲ್ಲಿ ಇದ್ದ ಹಾಗೇ ಇತ್ತು.

ಮುಂದಿನ ಬಾಗಿಲಿನಿಂದ ಬಸ್ಸು ಹತ್ತುವವರಿಗೆ ಕಾಣುತ್ತಿದ್ದದ್ದು ಎಡಗೆನ್ನೆ. ಅವರು "ಅಣ್ಣಾ" ಅನ್ನುತ್ತಿದ್ದರು. ರಸ್ತೆಯ ಮೇಲಿದ್ದವರಿಗೆ ಕಾಣುತ್ತಿದ್ದದ್ದು ಬಲಗೆನ್ನೆ. ಅವರು "ತಾತಾ, ಸ್ವಲ್ಪ ಪಕ್ಕಕ್ಕೆ" ಅನ್ನುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಅವನ ಎಡಕ್ಕೆ, ಮಗಳು ಬಲಕ್ಕೆ. ಹಾಗಾಗಿ ಅಪ್ಪನಿಗೆ ವಯಸ್ಸಾಯಿತೆಂದು ಮಗಳು ಮರುಗುವುದು, "ಎಲ್ಲಿ ಆಗಿದೆಯೇ, ಕಣ್ಣು ತೋರಿಸ್ಕೊಂಡು ಬಾ" ಎಂದು ತಾಯಿ ಗದರುವುದು ಅನ್ನದ ಜೊತೆ ಸಾರಿನ ಹಾಗೆ ದಿನವೂ ಇದ್ದದ್ದೇ.

ಹೀಗೆ ಎಲ್ಲರೂ ಅರ್ಧರ್ಧ ನೋಡಿಕೊಂಡು ಸುಖವಾಗಿದ್ದಾಗ, ಡಿಪೊಗೆ ಒಂದು ಕಾಗದ ಬಂತು.

ಡಿಪೊ ಮ್ಯಾನೇಜರ್ ಅದನ್ನು ಎದ್ದು ನಿಂತು ಓದಿದರು. "'ಸದರಿ ಚಾಲಕನು ಬೆಳಗಿನ ಪಾಳಿಗೆ ತನ್ನ ವಯೋವೃದ್ಧ ತಂದೆಯನ್ನು ಕಳುಹಿಸಿ, ತಾನು ಸಂಜೆ ಪಾಳಿಗೆ ಮಾತ್ರ ಬರುತ್ತಿರುವುದು ನನ್ನ ಗಮನಕ್ಕೆ ಬಂದಿರುತ್ತದೆ. ಆ ಹಿರಿಯ ಜೀವಕ್ಕೆ ವಿಶ್ರಾಂತಿ ದೊರಕಿಸಿಕೊಡಬೇಕಾಗಿ ವಿನಂತಿ.' ಬರೆದಿರೋದು ನೀರಿನ ಟ್ಯಾಂಕ್ ಸರ್ಕಲ್ಲಿನ ಟ್ರಾಫಿಕ್ ಪೇದೆ. ಇದಕ್ಕೇನಂತೀರಿ?"

ಪೇದೆ ದಿನವೂ ಬೆಳಿಗ್ಗೆ ಸರ್ಕಲ್ಲಿನ ನಡುವೆ ನಿಂತು ಬಲಗೆನ್ನೆಯನ್ನು ನೋಡುತ್ತಿದ್ದವನು. ಹೋದ ವಾರ ಸಂಜೆ ಅದೇ ಬಸ್ಸಿಗೆ ಮುಂದಿನ ಬಾಗಿಲಿನಿಂದ ಹತ್ತಿ ಮನೆಗೆ ಹೋಗಿದ್ದ. ಅಲ್ಲಿ ಎಡಗೆನ್ನೆ ಕಂಡಿತು. ಕಾನೂನು ಬಲ್ಲ ಮನುಷ್ಯ, ಎರಡನ್ನೂ ಕೂಡಿಸಿ ತಂದೆ-ಮಗ ಎಂದು ಲೆಕ್ಕ ಹಾಕಿದ್ದ.

"ಸಾರ್, ನಮ್ಮಪ್ಪ ತೀರಿಕೊಂಡು ಹನ್ನೊಂದು ವರ್ಷ ಆಯ್ತು."

"ದಾಖಲೆ ಇದೆಯಾ?"

ಮರುದಿನ ಡ್ರೈವರ್ ತಂದೆಯ ಮರಣಪತ್ರ ತಂದಿಟ್ಟ. ಮ್ಯಾನೇಜರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸರಿ, ತಂದೆ ಅಲ್ಲ ಅಂತಾಯ್ತು. ಹಾಗಾದ್ರೆ ಯಾರನ್ನ ಕಳಿಸ್ತಿದ್ರಿ? ಮಾವನನ್ನ?"

"ಸಾರ್, ನಮ್ಮ ಮಾವನಿಗೆ ಸೈಕಲ್ ಹೊಡೆಯೋಕೂ ಬರಲ್ಲ. ಅದು ನಾನೇ ಸಾರ್. ಈ ಕಡೆಯಿಂದ ನೋಡಿ. ಈಗ ಈ ಕಡೆಯಿಂದ ನೋಡಿ."

ಮ್ಯಾನೇಜರ್ ಮೇಜನ್ನು ಬಳಸಿಕೊಂಡು ಬಂದು ಎಡಗಡೆ ನೋಡಿದರು. ಹಿಂದಿನಿಂದ ಸುತ್ತಿ ಬಲಗಡೆ ನೋಡಿದರು. ನಂಬಿಕೆ ಬಾರದೆ ಇನ್ನೊಂದು ಸುತ್ತು ಹಾಕಿದರು. "ಅಯ್ಯೋ ಶಿವನೇ, ನಿಜ ಕಣ್ರೀ!"

"ಹಾಗಾದ್ರೆ ಕೇಸು ಮುಗೀತಾ ಸಾರ್?"

"ಹೇಗ್ರೀ ಮುಗಿಯುತ್ತೆ? ನೋಡಿದ್ದು ನನ್ನ ಕಣ್ಣು. ಕಣ್ಣನ್ನ ಕಿತ್ತು ದಾರದಲ್ಲಿ ಫೈಲಿಗೆ ಕಟ್ಟೋಕಾಗುತ್ತಾ? ದೊಡ್ಡ ಕಚೇರಿಯಿಂದ ವಿಚಾರಣೆಗೆ ಸಾಹೇಬರು ಬರ್ತಾರೆ, ಇನ್ನು ಹದಿನೈದು ದಿನಕ್ಕೆ. ಅಲ್ಲೀವರೆಗೂ ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ. ಟೈರ್ ರೂಮಲ್ಲಿ ಕೂತಿರಿ. ಅವರಿಗೆ ಎಡಗಡೆ ಕಂಡ್ರೆ ನೀವು ಬಚಾವು. ಬಲಗಡೆ ಕಂಡ್ರೆ ಕೆಲಸ ಹೋಯ್ತು. ಅವರ ಕುರ್ಚಿ ಯಾವ ಕಡೆ ಹಾಕ್ತಾರೋ, ನನ್ನ ಕೈಲಿಲ್ಲ."

ಟೈರ್ ರೂಮಿಗೆ ಕಿಟಕಿ ಇರಲಿಲ್ಲ. ಹಳೆಯ ಟೈರುಗಳ ರಾಶಿಯ ನಡುವೆ ಒಂದು ಸ್ಟೂಲು, ಒಂದು ಬಲ್ಬು. ಹೊರಗೆ ಎಂಟನೇ ನಂಬರ್ ಹೊರಟ ಸದ್ದು ಕೇಳಿದರೆ ಸಾಕು, ಸ್ಟೂಲಿನ ಮೇಲೆ ಕೂತವನ ಬಲಗಾಲು ತಾನೇ ಒತ್ತುತ್ತಿತ್ತು, ಎಡಗೈ ತಾನೇ ಗೇರು ಬದಲಿಸುತ್ತಿತ್ತು. ಗೇಟಿನ ತಿರುವಿನಲ್ಲಿ ಇವನೂ ಸ್ಟೂಲಿನ ಸಮೇತ ವಾಲುತ್ತಿದ್ದ. ಊರಿನ ಬೇರೆ ಯಾವ ಕೆಲಸವೂ ಅವನಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಬಸ್ಸು ವಾಪಸು ಸಿಗಬೇಕು, ಅಷ್ಟೇ.

ಸುದ್ದಿ ಕೇಳಿ ಮನೆಯಲ್ಲಿ ಸಭೆ ಸೇರಿತು. ಆ ಸಭೆಯಲ್ಲಿ ಒಮ್ಮತದಿಂದ ತೀರ್ಮಾನವಾದದ್ದು ಒಂದೇ: ಎರಡು ಕೆನ್ನೆಯೂ ಸಮ ಆಗಬೇಕು. ಹೇಗೆ ಅನ್ನುವುದರಲ್ಲಿ ಮಾತ್ರ ತಲೆಗೊಂದು ಅಭಿಪ್ರಾಯ.

"ನಿಂಬೆಹಣ್ಣು," ಎಂದಳು ಹೆಂಡತಿ. ಹೇಳಿ ಮುಗಿಯುವಷ್ಟರಲ್ಲಿ ಹಚ್ಚಿಯೂ ಆಗಿತ್ತು. ಉರಿ ತಾಳಲಾರದೆ ಡ್ರೈವರ್ ಹಿತ್ತಲಿನ ತೊಟ್ಟಿಗೆ ಮುಖ ಅದ್ದಿ ಬಂದ.

ಪಕ್ಕದ ಮನೆಯ ರಿಟೈರಾದ ಹೆಡ್‌ಮೇಷ್ಟ್ರು ಗಣಿತದ ಮೂಲಕ ಬಂದರು. "ದೊಡ್ಡದನ್ನ ಚಿಕ್ಕದು ಮಾಡೋದು ಕಷ್ಟ ಕಣಯ್ಯ. ಚಿಕ್ಕದನ್ನ ದೊಡ್ಡದು ಮಾಡೋದು ಸುಲಭ. ದಿನಾ ಮಧ್ಯಾಹ್ನ ಮಾಳಿಗೆ ಹತ್ತಿ, ಎಡಗೆನ್ನೆ ಮೇಲೆ ಮಾಡ್ಕೊಂಡು ಮಲಗು. ಇಪ್ಪತ್ತೆರಡು ವರ್ಷದಲ್ಲಿ ಎರಡೂ ಸಮ."

"ವಿಚಾರಣೆ ಹದಿನೈದು ದಿನಕ್ಕಿದೆ ಮೇಷ್ಟ್ರೇ."

"ಹಾಗಾದ್ರೆ ಕೂತಿದೀಯಲ್ಲಯ್ಯ, ಹತ್ತು ಮೇಲೆ!"

ಹೆಂಡತಿಯ ತಮ್ಮ ಫೋನಿನಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟ. "ಭಾವಾ, ಲೇಸರ್. ಎರಡು ಮಾತಿಲ್ಲ. ಒಂದು ಸಲ ಬಿಟ್ರೆ ಎಳೆ ಮಗು ಚರ್ಮ. ಇಲ್ಲಿ ನೋಡಿ, ಒಬ್ಬ ಅಜ್ಜಿ ಮೊಮ್ಮಗಳ ಥರ ಆಗಿದಾಳೆ."

"ಆಮೇಲೆ ಮೊಮ್ಮಗಳು ಏನಾದಳು?" ಎಂದು ಹೆಂಡತಿ ಕೇಳಿದಳು. ಅವನು ಅದಕ್ಕಾಗಿ ಫೋನನ್ನು ಇನ್ನೂ ಕೆಳಗೆ ಉಜ್ಜತೊಡಗಿದ.

ಮರುದಿನ ಡ್ರೈವರ್ ಚರ್ಮದ ಕ್ಲಿನಿಕ್ಕಿಗೆ ಹೋದ. ಒಳಗೆ ತಣ್ಣಗೆ ಎ.ಸಿ., ಬಿಳಿ ಸೋಫಾ. ತನ್ನ ಪ್ಯಾಂಟಿನ ಗ್ರೀಸು ನೆನೆದು ಕೂರಲು ಹೆದರಿ ನಿಂತೇ ಇದ್ದ. ಗೋಡೆಯ ಮೇಲೆ ದೊಡ್ಡ ಬೋರ್ಡು: ಕೆಮಿಕಲ್ ಪೀಲ್, ಲೇಸರ್, ಮೈಕ್ರೋನೀಡ್ಲಿಂಗ್, ಫಿಲ್ಲರ್, ಇನ್ನೂ ಏನೇನೋ. ಬಸ್ ಸ್ಟ್ಯಾಂಡಿನ ಬೋರ್ಡು ಓದಿ ರೂಢಿಯಿದ್ದ ಅವನು ಪ್ರತಿಯೊಂದೂ ಯಾವ ಊರಿನ ಮೇಲೆ ಹಾದು ಎಲ್ಲಿಗೆ ಮುಟ್ಟುತ್ತದೆ ಎಂದು ಹುಡುಕಿದ. ಅದನ್ನು ಯಾರೂ ಬರೆದಿರಲಿಲ್ಲ.

ಕೌಂಟರಿನ ಹುಡುಗಿ ಒಂದು ಫಾರಂ ಕೊಟ್ಟಳು. ಮೊದಲ ಪ್ರಶ್ನೆ: ನಿಮ್ಮ ಮುಖ್ಯ ಚಿಂತೆ ಏನು? ಅವನು ಪ್ರಾಮಾಣಿಕವಾಗಿ ಬರೆದ: ಕೆಲಸದಿಂದ ತೆಗೆದುಹಾಕುವುದು.

ಅವಳು ಅದನ್ನು ಓದಿ, ಅವನನ್ನು ನೋಡಿ, ಮತ್ತೆ ಓದಿದಳು. "ಫುಲ್ ಫೇಸಾ ಸಾರ್?"

"ಅರ್ಧ ಸಾಕಮ್ಮ. ಡ್ರೈವರ್ ಸೈಡ್ ಮಾತ್ರ."

"ನಮ್ಮಲ್ಲಿ ಹಾಫ್ ಇಲ್ಲ ಸಾರ್."

"ನಮ್ಮ ಡಕೋಟ ಬಸ್ಸಲ್ಲೇ ಹಾಫ್ ಟಿಕೆಟ್ ಇದೆ. ಇಷ್ಟು ದೊಡ್ಡ ಎ.ಸಿ. ಹಾಕ್ಕೊಂಡು ನಿಮ್ಮಲ್ಲಿ ಇಲ್ವಾ?"

ಗದ್ದಲ ಕೇಳಿ ಡಾಕ್ಟರಮ್ಮ ತಾವೇ ಬಾಗಿಲಿಗೆ ಬಂದರು. ಕನ್ನಡಕ ಹಣೆಗೆ ಏರಿಸಿಕೊಂಡ, ನಿದ್ದೆ ಸಾಲದ ಮುಖದ ಹೆಂಗಸು. ಬಂದವರು ಡ್ರೈವರನ ಎಡಗಡೆ ನೋಡಿ, ಬಲಗಡೆ ನೋಡಿ, ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅಂಥ ಮುಖವನ್ನು ಅವರು ಪುಸ್ತಕದಲ್ಲಿ ಮಾತ್ರ ನೋಡಿದ್ದರು.

"ಏನು ಮಾಡಿಸ್ಕೋಬೇಕು ಅಂತ ಬಂದ್ರಿ?"

"ಲೇಸರ್."

"ಯಾರು ಹೇಳಿದ್ದು?"

"ನಮ್ಮ ಭಾಮೈದ."

"ಡಾಕ್ಟರಾ ಅವರು?"

"ಇಲ್ಲಮ್ಮ. ಅವನ ಹತ್ರ ದೊಡ್ಡ ಫೋನಿದೆ."

ಡಾಕ್ಟರಮ್ಮ ದೀಪ ಹಾಕಿ, ಭೂತಗನ್ನಡಿಯಲ್ಲಿ ಕೆನ್ನೆಯ ಮೇಲೆ ನಿಧಾನವಾಗಿ ಪ್ರಯಾಣ ಮಾಡಿದರು. "ನಿಮ್ಮ ಬಸ್ಸಿಗೆ ಯಾರಾದ್ರೂ ಹತ್ತಿ, 'ಒಳ್ಳೇ ಊರಿಗೆ ಒಂದು ಟಿಕೆಟ್ ಕೊಡಿ' ಅಂದ್ರೆ ಏನ್ಮಾಡ್ತೀರಿ?"

"ಎಲ್ಲಿಗೆ ಅಂತ ಕೇಳ್ತೀವಿ. ಹೇಳದೆ ಹೋದ್ರೆ ಇಳಿಸ್ತೀವಿ."

"ನಾನೂ ಅದನ್ನೇ ಕೇಳ್ತಿರೋದು. ಈ ಒಂದು ಕೆನ್ನೇಲಿ ಮೂರು ತಕರಾರಿದೆ. ಕಪ್ಪು ಕಲೆ ಒಂದು, ಒರಟು ಒಂದು, ಸುಕ್ಕು ಒಂದು. ಮೂರಕ್ಕೂ ಒಂದೇ ಬಸ್ಸಿಲ್ಲ. ಕಲೆಗೂ ಒರಟಿಗೂ ಹಗುರವಾಗಿ ಪೀಲ್ ಮಾಡೋಣ, ಮೇಲಿನ ಪದರ ಮೆಲ್ಲಗೆ ಸುಲಿದು ಹೋಗುತ್ತೆ. ಆಳದ ಸುಕ್ಕು ಅದಕ್ಕೆ ಬಗ್ಗಲ್ಲ. ಅದಕ್ಕೆ ಸಣ್ಣ ಸೂಜಿಯಿಂದ ಮಾಡೋದಿದೆ, ಒಂದೆರಡು ಸಲ. ಲೇಸರ್ ಈಗ ಬೇಡ. ನಮ್ಮಂಥ ಕಂದು ಚರ್ಮಕ್ಕೆ ಅವಸರದಲ್ಲಿ ಬಿಟ್ರೆ, ಬಿಟ್ಟ ಜಾಗ ಇನ್ನಷ್ಟು ಕಪ್ಪಾಗಬಹುದು. ಇದೆಲ್ಲಕ್ಕಿಂತ ಮೊದಲು ಬಿಸಿಲು ನಿಲ್ಲಬೇಕು. ಬಿಸಿಲು ತಡೆಯೋ ಕ್ರೀಮು ದಿನಾ ಹಚ್ಚದೆ ಏನು ಮಾಡಿಸಿದ್ರೂ, ತೂತು ಟ್ಯಾಂಕಿಗೆ ಡೀಸೆಲ್ ತುಂಬಿಸಿದ ಹಾಗೆ. ಇಲ್ಲೇನು ಕೆಂಪಗಿದೆ?"

"ನಿಂಬೆಹಣ್ಣು."

"ಯಾರು ಹಚ್ಚಿದ್ದು?"

ಡ್ರೈವರ್ ಸಂಸಾರಸ್ಥ. ಮಾತು ಬದಲಿಸಿದ. "ಹದಿನೈದು ದಿನದಲ್ಲಿ ಸಮ ಆಗುತ್ತಾ ಅಮ್ಮ? ಆಫೀಸಿನ ವಿಚಾರಣೆ ಇದೆ."

"ಚರ್ಮಕ್ಕೆ ಆಫೀಸಿನ ತಾರೀಖು ಗೊತ್ತಾಗಲ್ಲ. ಮೂರು ನಾಲ್ಕು ತಿಂಗಳು ಬೇಕು. ಅಷ್ಟಾದ್ರೂ ಪೂರ್ತಿ ಆಗುತ್ತೆ ಅಂತ ಮಾತು ಕೊಡಲ್ಲ."

ಡಾಕ್ಟರಮ್ಮನಿಗೆ ಚರ್ಮ ಗೊತ್ತಿತ್ತು, ದೊಡ್ಡ ಕಚೇರಿ ಗೊತ್ತಿರಲಿಲ್ಲ. ಹದಿನೈದು ದಿನಕ್ಕೆ ಅಂದಿದ್ದ ವಿಚಾರಣೆ ಮೊದಲು ಸಾಹೇಬರಿಗೆ ನೆಗಡಿಯಾಗಿ ಮುಂದೆ ಹೋಯಿತು. ಆಮೇಲೆ ಅವರ ಜೀಪಿಗೆ ನೆಗಡಿಯಾಗಿ ಮುಂದೆ ಹೋಯಿತು. ಮೂರನೇ ಸಲ ಸಾಹೇಬರೂ ಜೀಪೂ ಬಂದರು, ಫೈಲು ಬರಲಿಲ್ಲ. ಹೀಗೆ ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ಮ್ಯಾನೇಜರಿಗೂ ವರ್ಗವಾಗಿ, ಡ್ರೈವರನ ಮುಖವನ್ನು ಎರಡೆರಡು ಸಲ ಪ್ರದಕ್ಷಿಣೆ ಹಾಕಿದ್ದ ಆ ಎರಡು ಕಣ್ಣು ಬೇರೆ ಊರಿಗೆ ಹೊರಟುಹೋದವು.

ಈ ಕಡೆ ಕೆನ್ನೆಯ ಕೆಲಸ ಸಾಗಿತ್ತು. ಮೊದಲ ಪೀಲ್ ಆದ ನಾಲ್ಕನೇ ದಿನ ಚರ್ಮ ಹಳೇ ಗೋಡೆಯ ಸುಣ್ಣದ ಹಾಗೆ ಉದುರತೊಡಗಿತು. ಹೆಂಡತಿ ಗುಡಿಸಿದಲ್ಲೇ ಮತ್ತೆ ಗುಡಿಸುತ್ತ, "ಇರೋ ಮುಖಾನೂ ಹೋಗೋ ಹಾಗಿದೆಯಲ್ರೀ" ಎಂದು ಕಣ್ಣೊರೆಸಿಕೊಂಡಳು. ಕಂಡಕ್ಟರ್ ದಿನವೂ ಟೈರ್ ರೂಮಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಅಣ್ಣಾ, ಬೇಗ ಸಮ ಆಗಣ್ಣ. ನಿನ್ನ ಬದಲು ಹಾಕಿರೋನು ಬ್ರೇಕ್ ಒತ್ತಿದ್ರೆ ನಾನು ಪ್ಯಾಸೆಂಜರ ತೊಡೆ ಮೇಲೆ ಕೂತಿರ್ತೀನಿ. ನಿನ್ನೆ ಒಬ್ಬರು, ಕೂತಿದ್ದಕ್ಕೆ ನನ್ನ ಹತ್ರಾನೇ ಟಿಕೆಟ್ ದುಡ್ಡು ಕೇಳಿದ್ರು."

ಕತ್ತಲೆ ಕೋಣೆಯಲ್ಲೂ ಡ್ರೈವರ್ ಬಿಸಿಲಿನ ಕ್ರೀಮು ತಪ್ಪಿಸಲಿಲ್ಲ. ಬಲ್ಬನ್ನೂ ಅವನು ನಂಬುತ್ತಿರಲಿಲ್ಲ. ಕೊನೆಯ ಸಲ ಹೋದಾಗ ಡಾಕ್ಟರಮ್ಮನೇ ಬೆರಗಾದರು. "ಇದರಲ್ಲಿ ಅರ್ಧ ಕೆಲಸ ನಂದು. ಇನ್ನರ್ಧ ನಿಮ್ಮ ಟೈರ್ ರೂಮಿಂದು. ಇಷ್ಟು ನೆರಳು ನಾನು ಯಾರಿಗೂ ಬರೆದುಕೊಟ್ಟಿಲ್ಲ."

ಅಂದು ಮನೆಯಲ್ಲಿ ಪರೀಕ್ಷೆ ನಡೆಯಿತು. ಹೆಂಡತಿ ಬಲಕ್ಕೆ ಕೂತಳು, ಮಗಳು ಎಡಕ್ಕೆ ಕೂತಳು. ಆಮೇಲೆ ಜಾಗ ಬದಲಿಸಿದರು. ಹೆಡ್‌ಮೇಷ್ಟ್ರು ಮೂಗಿನ ಮೇಲೆ ನೆಟ್ಟಗೆ ಒಂದು ಪೋಸ್ಟ್ ಕಾರ್ಡ್ ಹಿಡಿದು ಒಂದೊಂದು ಕಡೆಯನ್ನೂ ಬೇರೆ ಬೇರೆ ನೋಡಿದರು. "ಸಮ," ಎಂದು ಪಾಸು ಮಾಡಿದರು. "ನಲವತ್ತಕ್ಕೆ ನಲವತ್ತೊಂದು. ಒಂದು ಗ್ರೇಸ್ ಮಾರ್ಕು."

ವಿಚಾರಣೆಯ ದಿನ ಹೆಂಡತಿ ಇಸ್ತ್ರಿ ಮಾಡಿಟ್ಟ ತುಂಬು ತೋಳಿನ ಶರ್ಟು ಹಾಕಿಕೊಂಡು, ತಲೆ ಎತ್ತಿಕೊಂಡೇ ಡ್ರೈವರ್ ಒಳಗೆ ಹೋದ. ಕುರ್ಚಿ ಯಾವ ಕಡೆ ಇದ್ದರೂ ಈಗ ಅವನಿಗೆ ಭಯವಿರಲಿಲ್ಲ. ಸಾಹೇಬರು ತೆಳ್ಳಗಿದ್ದರು, ಯಾರನ್ನೂ ನಂಬದೆ ಎಲ್ಲವನ್ನೂ ತಾವೇ ಬರೆದುಕೊಳ್ಳುವವರು. ಪಕ್ಕದಲ್ಲಿ ಹೊಸ ಮ್ಯಾನೇಜರ್. ಗೋಡೆಯ ಬೆಂಚಿನಲ್ಲಿ ಟ್ರಾಫಿಕ್ ಪೇದೆ, ಟೋಪಿ ತೊಡೆಯ ಮೇಲೆ.

ಮೊದಲ ಸಾಕ್ಷಿ ಕಂಡಕ್ಟರ್. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದ. "ಸಾರ್, ಇಬ್ಬರಿಲ್ಲ ಸಾರ್, ಇರೋದು ಒಬ್ಬರೇ. ಅಣ್ಣನ ಮುಖದಲ್ಲಿ ಒಂದು ಕಡೆ ಪ್ರಾಯ, ಒಂದು ಕಡೆ ಮುಪ್ಪು. ಬಿಸಿಲಿಂದ ಹಾಗಾಗಿದೆ. ಬೇಕಾದ್ರೆ ತಾವೇ ನೋಡಿ ಸಾರ್!"

ಸಾಹೇಬರು ಪೆನ್ನು ಕೆಳಗಿಟ್ಟು ಎದ್ದು ಬಂದರು. ಎಡಗಡೆ ನೋಡಿದರು. ಬಲಗಡೆ ನೋಡಿದರು.

"ಎಲ್ರೀ ಮುಪ್ಪು?"

ಕಂಡಕ್ಟರ್ ಡ್ರೈವರನ ಬಲಕ್ಕೆ ಹೋಗಿ ತಾನೂ ಹುಡುಕಿದ. ಡ್ರೈವರಿಗೆ ಆಗ ಹೊಳೆಯಿತು. ಇಡೀ ಮನೆ, ಇಡೀ ಬೀದಿ, ಒಂದು ಕ್ಲಿನಿಕ್ಕು ಸೇರಿ ನಾಲ್ಕು ತಿಂಗಳು ಶ್ರಮಪಟ್ಟು, ಅವನ ಪರವಾಗಿದ್ದ ಒಂದೇ ಒಂದು ಸಾಕ್ಷಿಯನ್ನು ಪದರ ಪದರವಾಗಿ ಸುಲಿದು, ಗುಡಿಸಿ, ಕಸದ ಬುಟ್ಟಿಗೆ ಹಾಕಿದ್ದವು.

"ಇತ್ತು ಸಾರ್," ಎಂದ ಡ್ರೈವರ್ ಸಣ್ಣ ದನಿಯಲ್ಲಿ. "ತೆಗೆಸಿಬಿಟ್ಟೆ."

"ಏನನ್ನ?"

"ಮುಪ್ಪನ್ನ."

ಸಾಹೇಬರು ಅದನ್ನು ಬರೆದುಕೊಂಡರು. 'ಸಾಕ್ಷ್ಯನಾಶ?' ಎಂದು ಪಕ್ಕದಲ್ಲಿ ಗುರುತು ಹಾಕಿದ್ದನ್ನು ಕಂಡಕ್ಟರ್ ತಲೆಕೆಳಗಾಗಿ ಓದಿದ.

"ಫೋಟೋ ಇದೆ ಸಾರ್!" ಡ್ರೈವರ್ ತಟ್ಟನೆ ನೆನಪಿಸಿಕೊಂಡು ಕ್ಲಿನಿಕ್ಕಿನ ಫೈಲು ಮುಂದಿಟ್ಟ. ಚಿಕಿತ್ಸೆಗೆ ಮೊದಲು ತೆಗೆದ ಬಲಗೆನ್ನೆಯ ಫೋಟೋ. ಗುರುತು ಸಿಗಬಾರದೆಂದು ಕ್ಲಿನಿಕ್ಕಿನವರು ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ ಹಾಕಿದ್ದರು. ಸಾಹೇಬರು ಅದನ್ನು ಪೇದೆಗೆ ತೋರಿಸಿದರು.

ಪೇದೆಯ ಮುಖ ಅರಳಿತು. "ಇವರೇ ಸಾರ್! ಇವರೇ ಹಿರಿಯರು! ಕಣ್ಣಿಗೆ ಏನಾಯ್ತು ಸಾರ್ ಅವರಿಗೆ, ಆಪರೇಷನ್ನಾ?"

"ಅಂದ್ರೆ ಈ ನಿಂತಿರೋರು?"

"ಇವರು ಮಗ ಸಾರ್. ಮುಖದ ಚಹರೆ ಹಾಗೇ ಇದೆ ನೋಡಿ. ಸಾರ್, ನಾನು ಇವರ ಹೊಟ್ಟೆ ಮೇಲೆ ಹೊಡೆಯೋಕೆ ಬರೆದಿದ್ದಲ್ಲ. ಆ ಯಜಮಾನರು ಬಿಸಿಲಲ್ಲಿ ಬರೋದು ನೋಡಿ ಕರುಳು ಕಿವುಚಿದ ಹಾಗಾಗ್ತಿತ್ತು. ದಿನಾ ಎಲ್ಲಾ ಗಾಡಿ ನಿಲ್ಲಿಸಿ ಅವರ ಬಸ್ಸನ್ನ ಮೊದಲು ಬಿಡ್ತಿದ್ದೆ. ನಾಲ್ಕು ತಿಂಗಳಿಂದ ಬಂದಿಲ್ಲ ಅವರು. ಹುಷಾರಾಗಿದಾರಾ ತಮ್ಮಾ ಅಪ್ಪ?"

ಡ್ರೈವರಿಗೆ ಸಿಟ್ಟು ಮಾಡಿಕೊಳ್ಳಬೇಕೆಂದಿತ್ತು. ಇಷ್ಟು ಅಕ್ಕರೆಯಿಂದ ತನ್ನನ್ನೇ ವಿಚಾರಿಸುತ್ತಿರುವವನ ಮೇಲೆ ಹೇಗೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ.

ಸಾಹೇಬರು ಫೈಲು ಮುಚ್ಚಿದರು. "ಸರಿ. ಮರಣಪತ್ರದ ಪ್ರಕಾರ ತಂದೆ ಇಲ್ಲ, ಅಂದ್ರೆ ಕಳಿಸಿದ್ದು ಇನ್ಯಾರೋ ಮುದುಕರನ್ನ. ನೀವಿನ್ನು ಹೊರಗಿರಿ. ಆದೇಶ ಬರೆದು ಕಳಿಸ್ತೀನಿ."

ಆ ದನಿಯಲ್ಲಿ ಆದೇಶ ಏನೆಂಬುದು ಎಲ್ಲರಿಗೂ ಕೇಳಿಸಿತು. ಡ್ರೈವರ್ ಬಾಗಿಲ ಕಡೆ ತಿರುಗಿದ. ಬೆಂಚನ್ನು ಹಾದುಹೋಗುವಾಗ ಪೇದೆಯ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಯೋಚನೆ ಮಾಡಿ ಮಾಡಿದ್ದಲ್ಲ. ಅಷ್ಟು ವರ್ಷ ಆ ಸರ್ಕಲ್ಲಿನಲ್ಲಿ ಆ ಖಾಕಿ ಕಂಡೊಡನೆ ಮಾಡಿ ಮಾಡಿ ರೂಢಿಯಾದದ್ದು. ಮೊಣಕೈ ಕಿಟಕಿಯ ಮೇಲೆ ಊರಿದ ಹಾಗೆ ಮಡಚಿ, ಸಲಾಮಿಗೆಂದು ಬಲಗೈಯ ಎರಡು ಬೆರಳು ಮಾತ್ರ ಮೇಲೆತ್ತಿದ. ಶರ್ಟಿನ ತೋಳು ಹಿಂದಕ್ಕೆ ಸರಿಯಿತು. ಕೆನ್ನೆಗೆ ಹಚ್ಚಿದ್ದನ್ನು ಕೈಗೆ ಯಾರೂ ಹಚ್ಚಿರಲಿಲ್ಲ.

ಪೇದೆ ಬೆಂಚಿನಿಂದ ಧಡಕ್ಕನೆ ಎದ್ದು ನಿಂತ. ಟೋಪಿ ಕೆಳಗೆ ಬಿತ್ತು. "ಹಿರಿಯರೇ!"

"ಎಲ್ಲಿ?" ಸಾಹೇಬರು ಬಾಗಿಲ ಕಡೆ ನೋಡಿದರು.

"ಇಲ್ಲೇ ಸಾರ್! ಈ ಕೈ! ಎರಡು ಬೆರಳೆತ್ತೋದು ಅವರೊಬ್ಬರೇ ಸಾರ್. ದಿನಾ ನೋಡಿದೀನಿ, ಇದೇ ಸುಟ್ಟ ಹಲಗೆ ಥರ ಕೈ. ಆದ್ರೆ..." ಅವನು ಕೈಯಿಂದ ಮುಖಕ್ಕೂ ಮುಖದಿಂದ ಕೈಗೂ ನೋಡಿದ. "ಇದು ಇವರಿಗೆ ಹೇಗೆ ಬಂತು?"

ಸಾಹೇಬರು ಡ್ರೈವರನ ಶರ್ಟಿನ ಎರಡು ತೋಳನ್ನೂ ಮಡಚಿಸಿ, ಕೈಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿದರು. ಎಡಗೈ ನಲವತ್ತರದು. ಬಲಗೈ, ಬಹಳ ನಯವಾಗಿ ಹೇಳಿದರೂ, ಪಿಂಚಣಿ ತೆಗೆದುಕೊಳ್ಳುವ ವಯಸ್ಸಿನದು. ಎರಡೂ ಒಂದೇ ಮನುಷ್ಯನ ಭುಜಕ್ಕೆ ಜೋಡಿಸಿವೆಯೇ ಎಂದು ಹೊಸ ಮ್ಯಾನೇಜರ್ ಮುಟ್ಟಿ ನೋಡಿದರು. ಸಾಹೇಬರು ಫೈಲು ಬಿಚ್ಚಿ, ಆ ಇಲಾಖೆಯಲ್ಲಿ ಈವರೆಗೆ ಯಾರೂ ಬರೆಯದ ವಾಕ್ಯವೊಂದನ್ನು ಬರೆದರು: 'ವಿಚಾರಣೆಯಿಂದ ಸದರಿ ತಂದೆಯೂ ಮಗನೂ ಒಬ್ಬನೇ ವ್ಯಕ್ತಿಯೆಂದು ರುಜುವಾತಾಗಿದ್ದು, ಅವನನ್ನು ಕೂಡಲೇ ಮೂಲ ಮಾರ್ಗಕ್ಕೆ ನಿಯೋಜಿಸತಕ್ಕದ್ದು. ಮುಂದೆ ಹೀಗಾಗದಂತೆ ಇಬ್ಬರೂ ಎಚ್ಚರ ವಹಿಸತಕ್ಕದ್ದು.'

ಸೋಮವಾರ ಬೆಳಿಗ್ಗೆ ಎಂಟನೇ ನಂಬರ್ ತನ್ನ ಡ್ರೈವರನ್ನು ಹೊತ್ತು ಹೊರಟಿತು. ಬಲಗೆನ್ನೆಗೆ ದಪ್ಪಗೆ ಕ್ರೀಮು, ಕುತ್ತಿಗೆಗೆ ಟವೆಲ್, ಕಿಟಕಿಗೆ ಮಗಳು ಹೊಲಿದುಕೊಟ್ಟ ಪರದೆ. ನೀರಿನ ಟ್ಯಾಂಕ್ ಸರ್ಕಲ್ಲಿಗೆ ಬಂದಾಗ ಪೇದೆ ಪರದೆಯ ಸಂದಿಯಲ್ಲಿ ಇಣುಕಿ, ನಲವತ್ತರ ಮುಖ ನೋಡಿ, ಅಂಗೈ ಅಡ್ಡ ಹಿಡಿದ.

"ನಿಲ್ಲು ತಮ್ಮಾ. ಆ ಕಡೆಯವರು ಹೋಗ್ಲಿ. ಚಿಕ್ಕ ವಯಸ್ಸು, ಏನವಸರ?"

ಲಾರಿ ಹೋಯಿತು. ಎರಡು ಆಟೋ ಹೋದವು. ಹಾಲಿನ ಗಾಡಿ ಹೋಯಿತು. ಅದರ ಹಿಂದೆ ಒಂದು ಸೈಕಲ್ಲೂ ಹೋಯಿತು. ಬಸ್ಸಿನೊಳಗೆ ಪ್ಯಾಸೆಂಜರು ಗೊಣಗತೊಡಗಿದರು. ಈ ಸರ್ಕಲ್ಲಿನಲ್ಲಿ ನಿಂತು ಗೊತ್ತಿಲ್ಲದ ಡ್ರೈವರ್ ಒಂದು ನಿಮಿಷ ತಡೆದ, ಎರಡು ನಿಮಿಷ ತಡೆದ. ಆಮೇಲೆ ಶರ್ಟಿನ ತೋಳನ್ನು ಮೊಣಕೈವರೆಗೂ ಮಡಚಿ, ಪರದೆ ಸರಿಸಿ, ಬಲಗೈಯನ್ನು ಕಿಟಕಿಯ ಮೇಲೆ ಊರಿ, ಎರಡು ಬೆರಳು ಎತ್ತಿದ.

ಪೇದೆ ನೆಟ್ಟಗಾದ. ನಾಲ್ಕೂ ದಿಕ್ಕಿಗೆ ಸೀಟಿ ಊದಿದ. "ಬನ್ನಿ ಹಿರಿಯರೇ, ಬನ್ನಿ ಬನ್ನಿ."

ಸರ್ಕಲ್ ದಾಟಿದ ಮೇಲೆ ಕಂಡಕ್ಟರ್ ಮುಂದೆ ಬಂದು ಕಂಬಿಗೆ ಒರಗಿದ. "ಅಣ್ಣಾ, ಮುಂದಿನ ವಾರ ಕೈಗೂ ಪೀಲ್ ಮಾಡಿಸ್ತೀನಿ ಅಂತ ಡಾಕ್ಟರಮ್ಮನಿಗೆ ಹೇಳಿದೀಯಂತೆ?"

"ಯಾರು ಹೇಳಿದ್ದು?" 

"ಅತ್ತಿಗೆ."

"ಅವಳಿಗೇನು ಗೊತ್ತು, ಅವಳು ಎಡಗಡೆ ಕೂರೋಳು," ಎಂದು ಡ್ರೈವರ್ ಬಲಗೈಯ ತೋಳನ್ನು ಮಡಚಿದ ಹಾಗೇ ಬಿಟ್ಟು ಗೇರು ಬದಲಿಸಿದ.